ಬಾಟಲಿ, ಬಕೆಟ್ಟು, ಅಗ್ಗದ್ದು, ಕಂಪನಿಯದ್ದು: ಕೆಟ್ಟ ಕನ್ವರ್ಟರ್‌ಗೆ ಎಲ್ಲವನ್ನೂ ಮಾಡಿ ನೋಡಿದೆ

ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ ತಕ್ಷಣ ನಾವೆಲ್ಲ ಕೇಳುವುದು "ಎಷ್ಟಾಗುತ್ತೆ?" ಅಂತ. ನಾನೂ ಅದನ್ನೇ ಕೇಳಿದೆ. "ಯಾಕೆ ಹೋಯ್ತು?" ಅಂತ ಕೇಳಿದ್ದರೆ ಎರಡು ವರ್ಷದಲ್ಲಿ ಸುಮಾರು ಹದಿನೈದು ಸಾವಿರ ರೂಪಾಯಿ ಉಳಿಯುತ್ತಿತ್ತು.

ನನ್ನದು 2014ರ ಪೆಟ್ರೋಲ್ ಕಾರು. 1.2 ಲೀಟರ್ ಎಂಜಿನ್, ಬಿಎಸ್4 (ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಹಾಕಿದ ಮಟ್ಟಗಳಲ್ಲಿ ಒಂದು). ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಸರಸ್ವತಿಪುರಂನಲ್ಲಿ. ಮಂಡ್ಯದಲ್ಲಿರುವ ನನ್ನ ಬಾಮೈದನ ಹತ್ತಿರವೂ ಹೆಚ್ಚು ಕಡಿಮೆ ಅದೇ ವಯಸ್ಸಿನ ಕಾರಿದೆ. ಇಬ್ಬರ ಗಾಡಿಯಲ್ಲೂ ಕನ್ವರ್ಟರ್ ಕೆಟ್ಟಿತು. ಆದರೆ ಕೆಟ್ಟ ಬಗೆ ಬೇರೆ. ಹಾಗಾಗಿ ಗ್ಯಾರೇಜುಗಳಲ್ಲಿ ಹೇಳುವ ದಾರಿಗಳನ್ನೆಲ್ಲ ನಾವಿಬ್ಬರೂ ಸೇರಿ ನೋಡಿದಂತಾಯಿತು.

ಕನ್ವರ್ಟರ್ ಅಂದರೆ ಎಂಜಿನ್ ಮತ್ತು ಸೈಲೆನ್ಸರ್ ನಡುವೆ ಕೂತಿರುವ ಒಂದು ಉಕ್ಕಿನ ಡಬ್ಬ. ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತುಗಳಿರುವ ಸೆರಾಮಿಕ್ ತುಂಡು. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಹೊಗೆ ಅದರ ಮೇಲೆ ಹಾದುಹೋಗುವಾಗ ಕಾರ್ಬನ್ ಮಾನಾಕ್ಸೈಡು, ಉರಿಯದೆ ಉಳಿದ ಪೆಟ್ರೋಲು, ನೈಟ್ರೋಜನ್ ಆಕ್ಸೈಡು ಮೂರೂ ಅಪಾಯ ಕಡಿಮೆಯಿರುವ ಅನಿಲಗಳಾಗುತ್ತವೆ. ಆದರೆ ಡಬ್ಬ ಸುಮಾರು 250ರಿಂದ 300 ಡಿಗ್ರಿ ಬಿಸಿಯಾಗುವವರೆಗೆ ಈ ಕೆಲಸ ಸರಿಯಾಗಿ ಶುರುವಾಗುವುದೇ ಇಲ್ಲ. ದಿನಾ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ನನ್ನಂಥವರ ಗಾಡಿಯಲ್ಲಿ ಅದಕ್ಕೆ ಬಿಸಿಯಾಗಿ ಕೆಲಸ ಮಾಡಲು ಸಿಗುವ ಹೊತ್ತೇ ಕಡಿಮೆ.

2021ರಲ್ಲಿ ನನ್ನ ಗಾಡಿಯ ಎಂಜಿನ್ ಲೈಟ್ ಹತ್ತಿತು. ಸ್ಕ್ಯಾನರ್ ಹಾಕಿದರೆ ಪಿ0420 ಅಂತ ಕೋಡ್. ಕನ್ವರ್ಟರ್ ತನ್ನ ಕೆಲಸ ಸಾಕಷ್ಟು ಮಾಡುತ್ತಿಲ್ಲ ಅಂತ ಇದರ ಅರ್ಥ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಕಂಪ್ಯೂಟರ್ ಕನ್ವರ್ಟರ್ ಒಳಗೆ ಇಣುಕಿ ನೋಡಿರುವುದಿಲ್ಲ. ಹೊಗೆಯಲ್ಲಿರುವ ಆಕ್ಸಿಜನ್ ನೋಡುವ ಸೆನ್ಸರ್ ಕನ್ವರ್ಟರ್‌ಗೆ ಮುಂದೊಂದು, ಹಿಂದೊಂದು ಇರುತ್ತದೆ; ಹಿಂದಿನದು ಹೇಳಿದ್ದನ್ನು ನಂಬಿ ಊಹೆ ಮಾಡಿರುತ್ತದೆ. ಪೈಪಿನ ಜಾಯಿಂಟಿನಲ್ಲಿ ಸಣ್ಣ ಲೀಕ್ ಇದ್ದು ಹೊರಗಿನ ಗಾಳಿ ಒಳಗೆ ಸೇರಿದರೂ ಇದೇ ಕೋಡ್ ಬರಬಹುದು.

ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಇದ್ಯಾವುದನ್ನೂ ನೋಡದೆ ಹಿಂದಿನ ಸೆನ್ಸರ್ ಬದಲಾಯಿಸಿದರು. 3,400 ರೂಪಾಯಿ. ಆರನೇ ದಿನಕ್ಕೆ ಮತ್ತೆ ಲೈಟು.

ಆಮೇಲೆ 700 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತಂದೆ. ನಾನು ಮಾಡಿದ ಅತ್ಯಂತ ಒಳ್ಳೆಯ ಖರ್ಚು ಇದೇ. ಬಾಮೈದ ಗಾಡಿ ಓಡಿಸಿದ, ನಾನು ಪಕ್ಕದಲ್ಲಿ ಫೋನ್ ಹಿಡಿದು ಕೂತೆ. ರಿಂಗ್ ರೋಡಿನಲ್ಲಿ ಒಂದೇ ಸಮ ಅರವತ್ತರ ಸ್ಪೀಡು. ಪರದೆಯ ಮೇಲೆ ಎರಡು ಗೆರೆ. ಮುಂದಿನ ಸೆನ್ಸರ್‌ನದು 0.1ರಿಂದ 0.9 ವೋಲ್ಟಿನ ನಡುವೆ ಹಾವಿನಂತೆ ಮೇಲೆ ಕೆಳಗೆ ಆಡುತ್ತಿತ್ತು. ಅದು ಸರಿ, ಆಡಲೇಬೇಕು. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನ ಗೆರೆ 0.6, 0.7ರ ಹತ್ತಿರ ಅಲುಗದೆ ನಿಲ್ಲಬೇಕು. ನನ್ನ ಗಾಡಿಯಲ್ಲಿ ಹಿಂದಿನದೂ ಮುಂದಿನದರ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿತ್ತು. "ಭಾವ, ಎರಡೂ ಒಂದೇ ತರ ಕುಣೀತಾವಲ್ಲ!" ಅಂದ ಅವನು. ಹೊಗೆ ಹೇಗೆ ಒಳಗೆ ಹೋಗುತ್ತದೋ ಹಾಗೇ ಹೊರಗೆ ಬರುತ್ತಿದೆ ಅಂತ ಆಗ ಗೊತ್ತಾಯಿತು. ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ಬಾಯಿಂದ ಗಾಳಿ ಊದಿಸಿ ಜಾಯಿಂಟುಗಳಿಗೆ ಸೋಪಿನ ನೀರು ಬಿಟ್ಟು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಲೀಕ್ ಇಲ್ಲ, ಸೆನ್ಸರ್ ಹೊಸದು. ಕನ್ವರ್ಟರ್‌ದೇ ತೊಂದರೆ.

ಮೊದಲು ಬಾಟಲಿ. ಪೆಟ್ರೋಲಿಗೆ ಬೆರೆಸುವ ಕ್ಲೀನರ್, 850 ರೂಪಾಯಿ. ಅರ್ಧ ಟ್ಯಾಂಕಿಗೆ ಸುರಿದು ಹೆದ್ದಾರಿಯಲ್ಲಿ ಮದ್ದೂರಿನವರೆಗೆ ಹೋಗಿ ಬಂದೆ. ಎಂಜಿನ್ ನಿಂತಲ್ಲಿ ಓಡುವಾಗಿನ ನಡುಕ ಸ್ವಲ್ಪ ಕಡಿಮೆಯಾಯಿತು, ಅದು ನಿಜ. ಇಂಜೆಕ್ಟರ್ ಶುಚಿಯಾಗಿದ್ದಕ್ಕೆ ಹಾಗಾಗಿರಬೇಕು. ಆದರೆ ಅಳಿಸಿದ ಕೋಡ್ ಒಂಬತ್ತು ದಿನಕ್ಕೆ ವಾಪಸ್. ಗೆರೆಗಳಲ್ಲಿ ಏನೂ ಬದಲಾವಣೆ ಇಲ್ಲ.

ಆಮೇಲೆ ಬಕೆಟ್ಟು. ಅಂದರೆ ಕನ್ವರ್ಟರ್ ಬಿಚ್ಚಿ ತೊಳೆಯುವುದು. ಬಿಚ್ಚಿ ಹಾಕಲು ಕೂಲಿ ಮತ್ತು ಗ್ಯಾಸ್ಕೆಟ್ ಸೇರಿ 1,500. ಬಿಸಿನೀರು, ಬಟ್ಟೆ ಸೋಪಿನ ಪುಡಿ ಹಾಕಿ ಒಂದು ರಾತ್ರಿ ನೆನೆಸಿದೆ. ಬೆಳಿಗ್ಗೆ ನೀರು ಡಿಕಾಕ್ಷನ್ ತರ ಕಪ್ಪಗಾಗಿತ್ತು. ತೊಳೆದು ಎರಡು ದಿನ ತಾರಸಿ ಮೇಲೆ ಒಣಗಿಸಿ, ಟಾರ್ಚ್ ಹಿಡಿದು ನೋಡಿದರೆ ತೂತುಗಳೆಲ್ಲ ಒಂದೊಂದೂ ಸ್ಪಷ್ಟ. ಒಡೆದಿಲ್ಲ, ಕರಗಿಲ್ಲ. ಹೊಸದರಂತೆ ಇತ್ತು, ನನಗೆ ತುಂಬ ಖುಷಿಯಾಯಿತು. ಸುಮಾರು 240 ಕಿಲೋಮೀಟರಿಗೆ ಅದೇ ಲೈಟ್, ಅದೇ ಕೋಡ್.

ಯಾಕೆ ಅಂತ ಬನ್ನಿಮಂಟಪದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಆಮೇಲೆ ಬಿಡಿಸಿ ಹೇಳಿದರು. ಮಸಿ ಕಟ್ಟಿದ್ದರೆ ತೊಳೆದಾಗ ಹೋಗುತ್ತದೆ. ಲೇಪಕ್ಕೇ ವಿಷ ಹತ್ತಿದ್ದರೆ ಸೋಪಿನ ನೀರಿಗೆ ಅದು ಹೋಗಲ್ಲ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸವೇ ಆ ವಿಷವಾಗಿತ್ತು. ಅದಕ್ಕೇ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಸೀಸವಿಲ್ಲದ ಪೆಟ್ರೋಲನ್ನೂ ಜೊತೆಗೇ ತಂದರು, 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಈಗ ಆ ಜಾಗದಲ್ಲಿರುವುದು ಎಂಜಿನ್ ಆಯಿಲಿನಲ್ಲಿರುವ ರಂಜಕ. ಆಯಿಲ್ ಸುಡುವ ಎಂಜಿನ್ನು ತನ್ನ ಕನ್ವರ್ಟರನ್ನು ದಿನಾ ಸ್ವಲ್ಪ ಸ್ವಲ್ಪ ಕೊಲ್ಲುತ್ತದೆ.

ಈ ಮಾತು ಮೊದಲೇ ಗೊತ್ತಿದ್ದರೆ ಮುಂದಿನ ಖರ್ಚು ಮಾಡುತ್ತಿರಲಿಲ್ಲ. ತೊಳೆದದ್ದು ಕೆಲಸಕ್ಕೆ ಬಾರದ ಮೇಲೆ ಅಗ್ಗದ ಕನ್ವರ್ಟರ್ ಹಾಕಿಸಿದೆ. ಯಾವ ಗಾಡಿಗೂ ಕೂರುತ್ತೆ ಅಂತ ಮಾರುವ ತರದ್ದು. ಹಳೆಯದನ್ನು ಕತ್ತರಿಸಿ ಇದನ್ನು ವೆಲ್ಡ್ ಮಾಡಿದರು. ಎಲ್ಲ ಸೇರಿ 9,000. ಮೊದಲ ದಿನವೇ ಹಿಂದಿನ ಗೆರೆ 0.65ರಲ್ಲಿ ತೆಪ್ಪಗೆ ನಿಂತಿತು. ಹದಿನಾಲ್ಕು ತಿಂಗಳು ಲೈಟ್ ಹತ್ತಲಿಲ್ಲ. ಹದಿನೈದನೇ ತಿಂಗಳು ಹತ್ತಿತು.

ಆಗ ಬನ್ನಿಮಂಟಪಕ್ಕೆ ಹೋದದ್ದು. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ. "ಸಾರ್, ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಹಿಂದೆ ನಿಂತು ನೋಡಿದೀರಾ? ನೀಲಿ ಹೊಗೆ ಬರುತ್ತಾ?" ಅಂದರು. ಬರುತ್ತಿತ್ತು. ಎರಡು ನಿಮಿಷ ಬಂದು ನಿಲ್ಲುತ್ತಿತ್ತು, ಚಳಿಗೆ ಅಂದುಕೊಂಡಿದ್ದೆ. "ಆಯಿಲ್ ಎಷ್ಟು ತಗೊಳ್ಳುತ್ತೆ?" 2,500 ಕಿಲೋಮೀಟರಿಗೆ ಒಂದು ಲೀಟರ್. "ವಾಲ್ವ್ ಸೀಲ್ ಹೋಗಿದೆ, ಆಯಿಲ್ ಒಳಗೆ ಸೋರಿ ಸುಡ್ತಿದೆ. ಇದನ್ನ ಬಿಟ್ಟು ಚಿನ್ನದ ಕನ್ವರ್ಟರ್ ಹಾಕಿದ್ರೂ ಹೋಗುತ್ತೆ." ಇಷ್ಟು ಸರಳವಾಗಿ ಯಾರೂ ನನಗೆ ಅದುವರೆಗೆ ಹೇಳಿರಲಿಲ್ಲ.

2023ರ ಮಾರ್ಚಿನಲ್ಲಿ ವಾಲ್ವ್ ಸೀಲ್ ಬದಲಾಯಿಸಿ, ಕಂಪನಿಯ ಕನ್ವರ್ಟರ್ ಹಾಕಿಸಿದೆ. ಸೀಲಿನ ಕೆಲಸಕ್ಕೆ 9,000, ಕನ್ವರ್ಟರ್‌ಗೆ 34,000. ಕೈ ನಡುಗುವ ದುಡ್ಡು, ಅಲ್ವಾ? ಅಲ್ಲಿಂದ ಇಲ್ಲಿವರೆಗೆ ಲೈಟ್ ಒಮ್ಮೆಯೂ ಹತ್ತಿಲ್ಲ. ಎರಡು ಸರ್ವಿಸ್ ನಡುವೆ ಆಯಿಲ್ ತುಂಬಿಸಬೇಕಾಗಿಯೂ ಬಂದಿಲ್ಲ. ಅಂದ ಮಾತ್ರಕ್ಕೆ ಕಂಪನಿಯದ್ದೇ ಮೇಲು, ಅಗ್ಗದ್ದು ಕಳಪೆ ಅಂತ ತೀರ್ಪು ಕೊಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಅಗ್ಗದ್ದು ಆಯಿಲ್ ಸುಡುವ ಎಂಜಿನ್ನಿಗೆ ಹೋಗಿ ಬಿದ್ದಿತ್ತು. ಅದಕ್ಕೆ ಸರಿಯಾದ ಅವಕಾಶವೇ ಸಿಗಲಿಲ್ಲ. ಬಾಮೈದನ ಗಾಡಿ ಇಲ್ಲದಿದ್ದರೆ ಈ ಹೋಲಿಕೆ ಅರ್ಧಕ್ಕೇ ನಿಲ್ಲುತ್ತಿತ್ತು.

ಅವನದು ಬೇರೆ ಕಥೆ. ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಕೆಟ್ಟು ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಎಂಜಿನ್ ಲೈಟ್ ಮಿಣುಕುತ್ತಿದ್ದರೂ ಒಂದು ತಿಂಗಳು ಹಾಗೇ ಓಡಿಸಿದ. ಲೈಟ್ ಮಿಣುಕದೆ ಒಂದೇ ಸಮ ಹತ್ತಿದ್ದರೆ ನಾಲ್ಕು ದಿನ ಬಿಟ್ಟು ತೋರಿಸಬಹುದು. ಮಿಣುಕಿದರೆ ಆವತ್ತೇ ನಿಲ್ಲಿಸಬೇಕು. ಉರಿಯದ ಪೆಟ್ರೋಲು ನೇರ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಸೆರಾಮಿಕ್ಕೇ ಕರಗುವಷ್ಟು ಕಾಯುತ್ತದೆ. ಒಂದು ಭಾನುವಾರ ಎಲ್ಲರೂ ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಅಷ್ಟು ಹೊತ್ತಿಗೆ ಕಾಯಿಲ್ ಬದಲಾಯಿಸಿ ಆಗಿತ್ತು, ಆದರೂ ಪಿಕಪ್ ಇಲ್ಲ. ಮೂರನೇ ಗೇರಿನಲ್ಲಿ ಹತ್ತುವ ಜಾಗದಲ್ಲಿ ಮೊದಲನೇ ಗೇರು. ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದಂತೆ.

ಮರುದಿನ ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿದೆವು. 2,500 ಆರ್‌ಪಿಎಂನಲ್ಲಿ 5 ಪಿಎಸ್ಐ. ಚೆನ್ನಾಗಿರುವ ಗಾಡಿಯಲ್ಲಿ ಇದು ಮೂರನ್ನು ದಾಟಬಾರದು. ಗೇಜ್ ತೆಗೆದು ತೂತು ತೆರೆದೇ ಇಟ್ಟು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮೊದಲಿನಂತೆ ಸರ್ರನೆ ಎದ್ದಿತು. ಸಂಶಯವೇ ಉಳಿಯಲಿಲ್ಲ, ಒಳಗೆ ಕಟ್ಟಿಕೊಂಡಿದೆ.

ಮಂಡ್ಯದ ಒಂದು ಗ್ಯಾರೇಜಿನಲ್ಲಿ ಅದನ್ನು ಕೊಯ್ದು, ಒಳಗಿನದೆಲ್ಲ ಕುಟ್ಟಿ ತೆಗೆದು, ಖಾಲಿ ಡಬ್ಬವನ್ನೇ ಮತ್ತೆ ಬೆಸೆದು ಕೊಟ್ಟರು. ಎರಡು ಸಾವಿರಕ್ಕೆ ಮುಗಿಯಿತು. ಕುಟ್ಟಿ ತೆಗೆದ ತುಂಡೊಂದನ್ನು ಅವನು ನನಗೆ ತಂದು ತೋರಿಸಿದ. ಒಂದು ಬದಿಯಲ್ಲಿ ಜೇನುಗೂಡಿನ ಸಾಲು ನೇರವಾಗಿದೆ. ಇನ್ನೊಂದು ಬದಿ ಆಲೆಮನೆಯ ಕೊಪ್ಪರಿಗೆ ತಳದಲ್ಲಿ ಸೀದು ಹತ್ತಿದ ಬೆಲ್ಲದಂತೆ. ಮುದ್ದೆಯಾಗಿ, ಹೊಳೆಯುತ್ತಾ, ಒಂದೂ ತೂತಿಲ್ಲದೆ.

ಖಾಲಿ ಮಾಡಿಸಿದ್ದರಿಂದ ಪಿಕಪ್ ಬಂತು. ಜೊತೆಗೆ ಕಿವಿಗೆ ಬಡಿಯುವ ಸದ್ದು, ಸಿಗ್ನಲ್‌ನಲ್ಲಿ ನಿಂತಾಗ ಕಣ್ಣುರಿಸುವ ಪೆಟ್ರೋಲ್ ವಾಸನೆ, ಆರದ ಎಂಜಿನ್ ಲೈಟು. ಅವನ ಮಗಳು ಹಿಂದಿನ ಸೀಟಿನಲ್ಲಿ ಕೆಮ್ಮುತ್ತಿದ್ದಳು. ಎಮಿಷನ್ ಟೆಸ್ಟಿಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ 0.62 ಪರ್ಸೆಂಟ್. ಬಿಎಸ್4 ಪೆಟ್ರೋಲ್ ಕಾರಿಗೆ ಮಿತಿ 0.3. ಸರ್ಟಿಫಿಕೇಟ್ ಸಿಗಲಿಲ್ಲ. ಮಾಲಿನ್ಯದ ಮಿತಿ ಮೀರಿದ ಗಾಡಿಗೆ ಈಗಿನ ಕಾನೂನಿನಲ್ಲಿ ಹತ್ತು ಸಾವಿರದವರೆಗೆ ದಂಡವಿದೆ, ಮೂರು ತಿಂಗಳು ಲೈಸೆನ್ಸ್ ಕೂಡ ಹೋಗಬಹುದು. ಹಿಂದಿನ ಸೆನ್ಸರಿಗೆ ಒಂದು ಅಡಾಪ್ಟರ್ ಹಾಕಿ ಲೈಟ್ ಆರಿಸಿ ಕೊಡ್ತೀನಿ ಅಂತಲೂ ಒಬ್ಬರು ಹೇಳಿದರು. ಬೇಡ ಅಂದೆವು. ಲೈಟ್ ಆರುತ್ತದೆ, ಆ ಮಗು ಉಸಿರಾಡುವ ಗಾಳಿ ಅದೇ ಇರುತ್ತದೆ. ಈ ಒಂದು ದಾರಿಯನ್ನು ನಾನು ಯಾರಿಗೂ, ಎಷ್ಟೇ ಕಷ್ಟವಿದ್ದರೂ, ಹೇಳುವುದಿಲ್ಲ.

2023ರ ಕೊನೆಗೆ ಅವನೂ ಕಾರು ಕಂಪನಿಯದ್ದಲ್ಲದ, ಬೇರೆಯವರು ತಯಾರಿಸಿದ ಕನ್ವರ್ಟರ್ ಹಾಕಿಸಿದ. ಆದರೆ ನನ್ನ ಅಗ್ಗದ್ದರಂತೆ ಎಲ್ಲಕ್ಕೂ ಕೂರುವಂಥದ್ದಲ್ಲ. ಅದೇ ಮಾಡೆಲ್ಲಿಗೆ ಮಾಡಿದ ಫ್ಲ್ಯಾಂಜ್ (ಪೈಪಿಗೆ ಬೋಲ್ಟು ಹಾಕಿ ಕೂರಿಸುವ ಅಂಚು) ಇತ್ತು, ಬಿಲ್ಲಿನಲ್ಲಿ ಬಿಎಸ್4 ಅಂತ ಬರೆದಿತ್ತು, ಒಂದು ವರ್ಷದ ಗ್ಯಾರಂಟಿ ಇತ್ತು. 14,000 ರೂಪಾಯಿ. ವೆಲ್ಡಿಂಗ್ ಬೇಕಾಗಲಿಲ್ಲ, ನಟ್ಟು ಬೋಲ್ಟು ಬಿಗಿದರೆ ಆಯಿತು. ಕಾಯಿಲ್ ಮೊದಲೇ ಸರಿಯಾಗಿತ್ತಲ್ಲ, ಅದಕ್ಕೇ ಇದು ಬಾಳುತ್ತಿದೆ. ಮುಂದಿನ ಟೆಸ್ಟಿನಲ್ಲಿ ಕಾರ್ಬನ್ ಮಾನಾಕ್ಸೈಡ್ 0.04 ಬಂತು. ನನ್ನ 34,000ದ ಕಂಪನಿ ಕನ್ವರ್ಟರ್ ಕೊಟ್ಟದ್ದು 0.03.

ಹಾಗಾದರೆ ಯಾವುದು? ಗಾಡಿಯನ್ನು ಇನ್ನೂ ಏಳೆಂಟು ವರ್ಷ ಇಟ್ಟುಕೊಳ್ಳುವವರು, ದಿನಾ ದೂರ ಓಡಿಸುವವರು ಕಂಪನಿಯದ್ದು ಹಾಕಿಸಿ, ಬೇಜಾರಾಗುವುದಿಲ್ಲ. ಮೂರು ನಾಲ್ಕು ವರ್ಷದಲ್ಲಿ ಮಾರುವವರಿಗೆ ಬಾಮೈದ ಹಾಕಿಸಿದಂಥದ್ದು ಸಾಕು. ಇವತ್ತು ನನ್ನನ್ನು ಕೇಳಿದರೆ ನಾನೂ ಅದನ್ನೇ ಹಾಕಿಸುತ್ತಿದ್ದೆ, ಸೀಲ್ ಸರಿ ಮಾಡಿಸಿದ ಮೇಲೆ. ಎಲ್ಲಕ್ಕೂ ಕೂರುವ ಅಗ್ಗದ್ದನ್ನು ಮಾತ್ರ ಮತ್ತೆ ಮುಟ್ಟುವುದಿಲ್ಲ. ಎಂಜಿನ್ ಸರಿಯಿದ್ದಿದ್ದರೆ ಇನ್ನೂ ಸ್ವಲ್ಪ ಕಾಲ ಬಾಳುತ್ತಿತ್ತೇನೋ, ಆದರೆ ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ. ವೆಲ್ಡ್ ಮಾಡಿದ ಜಾಗದಲ್ಲಿ ಎರಡು ಸಲ ಲೀಕ್ ಆಗಿ ಮತ್ತೆ ಹೊಲಿಸಬೇಕಾಯಿತು. ತೊಳೆಯುವುದು ಮಸಿ ಕಟ್ಟಿದ ಗಾಡಿಗೆ ಮಾತ್ರ. ಅದಕ್ಕಿಂತ ಮೊದಲು ಹೆದ್ದಾರಿಯಲ್ಲಿ ಒಂದು ಗಂಟೆ ಚೆನ್ನಾಗಿ ಓಡಿಸಿ ನೋಡಿ, ಒಮ್ಮೊಮ್ಮೆ ಅಷ್ಟರಲ್ಲೇ ಮಸಿ ಸುಟ್ಟು ಹೋಗುತ್ತದೆ. ಬಾಟಲಿಗೆ ದುಡ್ಡು ಹಾಕಬೇಡಿ.

ಇನ್ನೊಂದು ಮಾತು. ಹಳೆಯ ಕನ್ವರ್ಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತಗೊಳ್ಳಿ. ಸತ್ತಿದ್ದರೂ ಒಳಗಿನ ಪ್ಲಾಟಿನಂ, ಪಲ್ಲೇಡಿಯಂ ಎಲ್ಲಿಗೂ ಹೋಗಿರುವುದಿಲ್ಲ. ನಾನು ಬಕೆಟ್ಟಿನಲ್ಲಿ ನೆನೆಸಿದ್ದ ಆ ಮೊದಲಿನದು ಒಂದೂವರೆ ವರ್ಷ ಅಟ್ಟದ ಮೇಲಿತ್ತು. ಗುಜರಿಯವರು ತೂಕಕ್ಕೂ ಹಾಕಲಿಲ್ಲ, ಮೇಲಿನ ನಂಬರ್ ನೋಡಿ 4,500 ರೂಪಾಯಿ ಎಣಿಸಿ ಕೊಟ್ಟರು. ಬಾಮೈದನ ಕೈಯಲ್ಲಿ ಉಳಿದದ್ದು ಆ ಸೀದ ಬೆಲ್ಲದ ತುಂಡು ಮಾತ್ರ. ಉಳಿದ ಪುಡಿಯನ್ನೆಲ್ಲ ಕುಟ್ಟಿ ತೆಗೆದವರೇ ಇಟ್ಟುಕೊಂಡಿದ್ದರು.