ಮೋಲ್ಡ್ ಹಾಕಿಸೋರು ಮೊದಲು ಸಿಮೆಂಟ್ ಚೀಲ ಓದಿ

ಶಿಡ್ಲಘಟ್ಟದ ಹತ್ತಿರ ನಮ್ಮೂರಲ್ಲಿ ಹೋದ ಡಿಸೆಂಬರ್‌ನಲ್ಲಿ ರೇಷ್ಮೆ ಹುಳು ಮನೆಗೆ ಮೋಲ್ಡ್, ಅಂದರೆ ಕಾಂಕ್ರೀಟ್ ಸ್ಲ್ಯಾಬ್ ಛಾವಣಿ, ಹಾಕಿಸಿದೆವು. ಈಗ ಅದರ ನಡುಮಧ್ಯೆ, ಹುಳು ಗೂಡು ಕಟ್ಟೋ ಚಂದ್ರಿಕೆ ಇಡಬೇಕಾದ ಜಾಗದಲ್ಲಿ, ಎರಡು ಕಬ್ಬಿಣದ ಕಂಬ ನಿಂತಿವೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೀತಿದ್ದೀನಿ.

ಮೊದಲು ಮನೆ ಕಟ್ಟಿದಾಗ ತಂದಿದ್ದು 53 ಗ್ರೇಡ್ ಒಪಿಸಿ, ಅಂದರೆ ಬೂದಿ ಬೆರೆಸದ ಸಾಮಾನ್ಯ ಸಿಮೆಂಟ್. ಸಣ್ಣ ರೂಮುಗಳು, ಎಂಟನೇ ದಿನಕ್ಕೆ ಸೆಂಟ್ರಿಂಗ್ (ಸ್ಲ್ಯಾಬ್ ಕೆಳಗಿನ ಶೀಟು, ಆಧಾರದ ಜಾಕಿ) ಬಿಚ್ಚಿದರು, ಏನೂ ಆಗಲಿಲ್ಲ. ಈ ಸಲ ಅಂಗಡಿಯವರು ಅದೇ ಕಂಪನಿಯ ಪಿಪಿಸಿ, ಅಂದರೆ ಬೂದಿ ಬೆರೆಸಿದ ಸಿಮೆಂಟ್, ಕೊಟ್ಟರು, ಚೀಲಕ್ಕೆ ಬೆಲೆ ಸ್ವಲ್ಪ ಕಮ್ಮಿ. ಮೇಸ್ತ್ರಿ ಚೀಲ ನೋಡಲಿಲ್ಲ, ನಾನೂ ನೋಡಲಿಲ್ಲ.

ಆರು ದಿನ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಏಳನೇ ದಿನ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ತರಿಸಲಾ ಅಂದರೆ, "ಸಾಕು ಬಿಡಣ್ಣ, ಸೆಟ್ ಆಗಿದೆ" ಅಂದ ಮೇಸ್ತ್ರಿ. ಮಾರನೇ ಬೆಳಿಗ್ಗೆ ಶೀಟು, ಜಾಕಿ ಎಲ್ಲ ಟ್ರ್ಯಾಕ್ಟರ್‌ಗೆ ಹೇರಿಕೊಂಡು ಬೇರೆ ಕೆಲಸಕ್ಕೆ ಹೊರಟರು. ಅವತ್ತೇ ಪ್ಯಾರಾಪೆಟ್ ಇಟ್ಟಿಗೆ ತಂದು ಮೇಲೆ, ನಡುವಲ್ಲೇ ಒಟ್ಟಿದರು.

ನಾಲ್ಕು ದಿನ ಕಳೆದು ಒಳಗೆ ಹೋದಾಗ ತಲೆ ಮೇಲೆ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು. ಇಂಜಿನಿಯರ್ ಬಂದು ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಟೇಪ್ ಹಿಡಿದರು. ಗೋಡೆ ಹತ್ತಿರ ದಾರಕ್ಕೂ ಸ್ಲ್ಯಾಬಿಗೂ ಹನ್ನೆರಡು ಇಂಚು, ನಡುವೆ ಹನ್ನೊಂದು, ಅಂದರೆ ನಡು ಒಂದು ಇಂಚು ಜಗ್ಗಿತ್ತು. ಆಮೇಲೆ ಕೇಳಿದ್ದು ಒಂದೇ ಮಾತು: "ಯಾವ ಸಿಮೆಂಟ್?" ದನದ ಕೊಟ್ಟಿಗೆಯಲ್ಲಿದ್ದ ಖಾಲಿ ಚೀಲ ತಂದು ತೋರಿಸಿದೆ.

ಪಿಪಿಸಿ ಕೆಟ್ಟದ್ದಲ್ಲ. ಅದರಲ್ಲಿ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ, ಇರುತ್ತೆ. ಸಿಮೆಂಟ್‌ಗೆ ನೀರು ಸೇರಿದಾಗ ಬಿಡುಗಡೆಯಾಗುವ ಸುಣ್ಣದ ಜೊತೆ ಆ ಬೂದಿ ನಿಧಾನಕ್ಕೆ ಕೂಡಿ ಗಟ್ಟಿಯಾಗುತ್ತೆ. ತೇವ ಇದ್ದರೆ ತಿಂಗಳುಗಟ್ಟಲೆ ಬಲ ಏರುತ್ತಲೇ ಇರುತ್ತೆ, ಒಣಗಿಸಿದರೆ ಅಲ್ಲಿಗೇ ನಿಲ್ಲುತ್ತೆ. ಮೊದಲ ವಾರ ಮಾತ್ರ ಅದು ಹಿಂದೆ: ಪರೀಕ್ಷೆಯಲ್ಲಿ 53 ಗ್ರೇಡ್ ಒಪಿಸಿಗೆ 7 ದಿನಕ್ಕೆ ಕನಿಷ್ಠ 37 ಮೆಗಾಪಾಸ್ಕಲ್ (ಬಲದ ಅಳತೆ) ಬರಬೇಕು, ಪಿಪಿಸಿಗೆ 22 ಬಂದರೆ ಸಾಕು. ನಾವು ಭಾರ ಹೇರಿದ್ದು ಸರಿಯಾಗಿ ಆ ವಾರ ಮುಗಿದ ಮಾರನೇ ದಿನವೇ.

ಅಗಲವೂ ಮುಳುವಾಯಿತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ 4.5 ಮೀಟರ್, ಅಂದರೆ ಹದಿನಾಲ್ಕೂಮುಕ್ಕಾಲು ಅಡಿ ದಾಟಿದ ಸ್ಲ್ಯಾಬಿಗೆ 14 ದಿನ ಆಧಾರ ಇರಬೇಕು. ನಮ್ಮದು 16 ಅಡಿ. ಆ 14 ದಿನವೂ ಒಪಿಸಿಗೆ, ಅದೂ ಚಳಿ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ. ಬೇರೆ ಸಿಮೆಂಟಾದರೆ, ಚಳಿ ಹೆಚ್ಚಿದ್ದರೆ ಇನ್ನೂ ಕಾಯಬೇಕು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಚಳಿ ಎಷ್ಟು ಅಂತ ಬೆಳಗಿನ ಜಾವ ಸೊಪ್ಪು ಕೊಯ್ಯೋಕೆ ಹೋಗೋರಿಗೆ ಗೊತ್ತು. ನೀರೂ ಅಷ್ಟೇ: ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10, ಒಣ ಬಿಸಿಲಲ್ಲಿ 14. ಟ್ಯಾಂಕರ್ ದುಡ್ಡು ಉಳಿಸಿ ಕಂಬ, ತೊಲೆಗೆ ಲಕ್ಷದ ಮೇಲೆ ಸುರಿದೆವು.

ಹೋದ ತಿಂಗಳು ಹಿಂದಿನ ಬೀದಿಯವರು ಮೋಲ್ಡ್ ಹಾಕಿಸುವಾಗ ಹೋಗಿ ಚೀಲ ತಿರುವಿ ನೋಡಿದೆ, ಪಿಪಿಸಿನೇ. ಮೇಸ್ತ್ರಿಗೆ ಕೋಪ ಬಂದರೂ ಆ ಮನೆಯ ಅಕ್ಕ ಪಟ್ಟು ಬಿಡಲಿಲ್ಲ. ಇವತ್ತಿಗೆ 19 ದಿನ, ಜಾಕಿಗಳು ಇನ್ನೂ ನಿಂತಿವೆ, ಮೇಲೆ ನೀರಿದೆ.