ಎರಡು ವರ್ಷ ಬಳಸಿದ ಮೇಲೆ: ಉಸಿರಾಟ ಚೆನ್ನಾಗಿದೆ, ವಯಸ್ಸಿನ ಲೆಕ್ಕ ನಂಬಬೇಡಿ

ನನಗೀಗ 61. ಈ ಉಸಿರಾಟ-ಧ್ಯಾನದ ಆ್ಯಪ್ ಹಾಕಿಕೊಂಡು ಎರಡು ವರ್ಷವಾಯಿತು. ಅದರಲ್ಲಿ ಏನೇನಿದೆ ಅಂತ ಎಲ್ಲರೂ ಬರೆದಿದ್ದಾರೆ, ಅದು ಬೇಡ.

ಬೆಳಿಗ್ಗೆ ಎದ್ದು ಮುಖ ತೊಳೆದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರೇ ಉಸಿರು. ಉಸಿರು ಬಿಡುವಾಗ ಮೆಲ್ಲಗೆ ಒಂದು ಗಂಟೆಯ ಸದ್ದು ಬರುತ್ತದೆ, ಅದು ಪೂರ್ತಿ ಅಡಗುವ ತನಕ ಕಿವಿಗೊಟ್ಟು ಕೂರುವುದೇ ಒಂದು ಸುಖ. ಮೂರನೇ ನಿಮಿಷದ ಹೊತ್ತಿಗೆ ಹೆಗಲು ತಾನಾಗಿ ಇಳಿಯುತ್ತದೆ. ಇಷ್ಟು ವರ್ಷ ಅದನ್ನು ಬಿಗಿ ಹಿಡಿದುಕೊಂಡೇ ಓಡಾಡಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಡುರಾತ್ರಿ ಎಚ್ಚರವಾದರೆ ಈಗ ಹೀಗೇ ಉಸಿರಾಡುತ್ತಾ ಮತ್ತೆ ನಿದ್ದೆ ಹೋಗುತ್ತೇನೆ.

ಸಿಟ್ಟು ಬಂದಿದ್ದು 'ದೇಹದ ವಯಸ್ಸು' ಅನ್ನೋ ಭಾಗದ ಮೇಲೆ. ವಾರಕ್ಕೊಮ್ಮೆ ಹತ್ತು ಪ್ರಶ್ನೆ ಕೇಳಿ ಒಂದು ಸಂಖ್ಯೆ ತೋರಿಸುತ್ತದೆ. ನನ್ನದು ಇಳಿಯುತ್ತಾ ಇಳಿಯುತ್ತಾ 53ಕ್ಕೆ ಬಂತು. ಯಾರಿಗೆ ಖುಷಿಯಾಗಲ್ಲ ಹೇಳಿ? ಅದರ ಕೆಳಗೇ, ಮನಸ್ಸು ಹೇಳಿದ ಹಾಗೆ ದೇಹ ಕೇಳುತ್ತದೆ, ಮಾತ್ರೆಗಳ ಹಂಗು ಕಮ್ಮಿ ಮಾಡಿಕೊಳ್ಳಿ ಅನ್ನೋ ಮಾತು. ನಾನು ಬಿಪಿ ಮಾತ್ರೆ ನಿಲ್ಲಿಸಿಬಿಟ್ಟೆ. ಒಂಬತ್ತನೇ ದಿನ ತಲೆ ಸಿಡಿಯತೊಡಗಿತು, ಪಟ್ಟಿ ಸುತ್ತಿ ನೋಡಿದರೆ 172/104. ತಪ್ಪಿರಬೇಕು ಅಂತ ಇನ್ನೊಂದು ತೋಳಿಗೆ ಸುತ್ತಿದೆ. ಅಲ್ಲೂ ಅಷ್ಟೇ. ತಪ್ಪು ನನ್ನದೂ ಹೌದು, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದಿತ್ತು. ಆದರೆ ಆ ಮಾತು ಅಲ್ಲಿ ಇರಲೇಬಾರದಿತ್ತು.

ಆಮೇಲೆ ಕೂತು ಓದಿದೆ. ವಿಜ್ಞಾನಿ ಸ್ಟೀವ್ ಹೋರ್ವತ್ 2013ರಲ್ಲಿ ಪ್ರಕಟಿಸಿದ ದೇಹದ ವಯಸ್ಸಿನ ಲೆಕ್ಕ ಡಿಎನ್‌ಎ ಮೇಲಿನ 353 ಜಾಗಗಳನ್ನು ನೋಡುತ್ತದೆ, ಅದಕ್ಕೆ ರಕ್ತವೋ ಎಂಜಲೋ ಕೊಡಬೇಕು. ಈ ಆ್ಯಪ್ ನನ್ನಿಂದ ಒಂದು ಹನಿಯನ್ನೂ ತೆಗೆದುಕೊಂಡಿಲ್ಲ. ಅದು ಪದೇ ಪದೇ ಹೇಳುವುದು ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಅವರ 1979ರ ಪ್ರಯೋಗದ ಬಗ್ಗೆ. ವಯಸ್ಸಾದ ಗಂಡಸರನ್ನು 1959ರಂತೆ ಸಜ್ಜು ಮಾಡಿದ ಮನೆಯಲ್ಲಿ ಇಟ್ಟಿದ್ದರು, ಅವರು ಚುರುಕಾದರು ಅನ್ನೋದು. ಕುತೂಹಲದ ಪ್ರಯೋಗವೇ, ಆದರೆ ಅದರಲ್ಲಿ ಇದ್ದವರು ಬೆರಳೆಣಿಕೆಯಷ್ಟು ಜನ. ಅದೇ 1979ರಲ್ಲಿ ಜಾನ್ ಕಬಾಟ್-ಝಿನ್ ಅನ್ನೋ ವಿಜ್ಞಾನಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ಧ್ಯಾನದ ತರಗತಿ ಶುರು ಮಾಡಿದರು. ಅದು ನಡೆದದ್ದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆ ಬಿಡಿಸಿ ಅಲ್ಲ. ನಿಧಾನವಾಗಿ ಉಸಿರಾಡಿದರೆ ಬಿಪಿ ಸ್ವಲ್ಪ ಇಳಿಯುವುದೂ ನಿಜವೇ. ಆ ಸ್ವಲ್ಪವನ್ನೇ ಸರಿಯಾಗಿ ಹೇಳಿದ್ದರೆ ಸಾಕಿತ್ತು, ಅಲ್ವಾ?

ಪಿಂಚಣಿಯಲ್ಲಿ ಬದುಕುವವಳು ನಾನು, ಈ ಸಲ ವರ್ಷದ ಚಂದಾ ಕಟ್ಟಿಲ್ಲ. ಗಂಟೆಯ ಸದ್ದು ಉಚಿತ ಭಾಗದಲ್ಲೇ ಇದೆ. ಇವತ್ತು ಬೆಳಿಗ್ಗೆಯೂ ಕೂತಿದ್ದೆ, ಮಾತ್ರೆ ನುಂಗಿದ ಮೇಲೆ. ಐದರಲ್ಲಿ ಮೂರು ಸ್ಟಾರ್. ಮಾತ್ರೆಯ ಆ ಸಾಲು ತೆಗೆದರೆ ಇನ್ನೊಂದು ಕೊಡುತ್ತೇನೆ.