ಮೂರು ಕೆಂಪು, ಒಂದು ರಾಶಿ ನೋಟ್‌ಬುಕ್ಕು

ಮಕ್ಕಳ ಪ್ರಬಂಧ ತಿದ್ದೋದಕ್ಕೆ ಇಷ್ಟು ವರ್ಷ ಕೆಂಪು ಬಾಲ್‌ಪೆನ್ನೇ ಸಾಕಾಗಿತ್ತು. ನಲವತ್ತನೇ ನೋಟ್‌ಬುಕ್ಕಿಗೆ ಬರುವಷ್ಟರಲ್ಲಿ ಹೆಬ್ಬೆರಳು ಜೋಮು ಹಿಡಿಯತೊಡಗಿದ ಮೇಲೆ ಇಂಕ್ ಪೆನ್ನಿಗೆ ಮರಳಿದೆ. ಅದನ್ನು ಒತ್ತಿ ಬರೆಯಬೇಕಿಲ್ಲ. ಮೊದಲು ತಂದ ಕೆಂಪು ಇಂಕು (ಹೆಸರು ಬೇಡ) ನನ್ನ ಪಾರದರ್ಶಕ ಪೆನ್ನಿನ ಹೊಟ್ಟೆಯನ್ನು ಕಾಯಂ ಗುಲಾಬಿ ಮಾಡಿಬಿಟ್ಟಿತು. ಬೆರಳಿನ ಕಲೆಯೋ, ಮತ ಹಾಕಿದ ಗುರುತಿನ ಹಾಗೆ ವಾರವಾದರೂ ಹೋಗಲಿಲ್ಲ.

ಆಮೇಲೆ ಸ್ವಲ್ಪ ಶಿಸ್ತಿಗೆ ಬಂದೆ. ಒಂದೇ ಥರದ ಮೂರು ಅಗ್ಗದ ಪೆನ್ನು, ಮೂರಕ್ಕೂ ಸಣ್ಣ ನಿಬ್ಬು. ಒಂದಕ್ಕೆ ಕ್ಯಾಮ್ಲಿನ್ ಸ್ಕಾರ್ಲೆಟ್ ರೆಡ್, ಇನ್ನೊಂದಕ್ಕೆ ಲಿವರ್‌ಪೂಲಿನ ಡಯಮೈನ್ ಕಂಪನಿಯ ಆಕ್ಸ್‌ಬ್ಲಡ್, ಮೂರನೆಯದಕ್ಕೆ ಫ್ರಾನ್ಸಿನ ಜೆ. ಹರ್ಬಿನ್ ಅವರ ರೂಜ್ ಹೆಮಟೈಟ್.

ಕ್ಯಾಮ್ಲಿನ್ನಿನದು ಅಪ್ಪಟ ದಾಸವಾಳ. 1931ರಲ್ಲಿ ದಾಂಡೇಕರರು ಕುದುರೆ ಮಾರ್ಕಿನ ಇಂಕಿನ ಪುಡಿ, ಗುಳಿಗೆಗಳಿಂದ ಶುರು ಮಾಡಿದ ಕಂಪನಿ ಇದು. ಬಾಟಲಿಯ ಬೆಲೆ ಒಂದು ಮಸಾಲೆ ದೋಸೆಯ ಆಸುಪಾಸು. ಪುಟ ತೆರೆದ ತಕ್ಷಣ ಕಣ್ಣಿಗೆ ಹೊಡೆಯುತ್ತೆ, ಕೊನೆ ಬೆಂಚಿನ ಹುಡುಗನ ತಪ್ಪನ್ನು ಮೊದಲ ಬೆಂಚಿನವನೂ ಎಣಿಸಬಹುದು.

ಆಕ್ಸ್‌ಬ್ಲಡ್‌ಗೆ ಹೆಸರು ಇಟ್ಟವರು ಎತ್ತಿನ ರಕ್ತ ನೆನೆದರು. ನನಗೆ ಕಂಡದ್ದು ಬ್ಯಾಡಗಿ ಮೆಣಸಿನಕಾಯಿ, ಅದೂ ಒಣಗಿ ಸುಕ್ಕುಗಟ್ಟಿದ್ದು. ನಿಬ್ಬು ಎಳೆದ ಕಡೆ ತಿಳಿ, ನಿಂತ ಕಡೆ ಕಪ್ಪಿಗೆ ಹತ್ತಿರ. ಒತ್ತಕ್ಷರದ ತಿರುವಿನಲ್ಲಿ ಈ ಏರಿಳಿತ ಎಷ್ಟು ಚೆನ್ನಾಗಿ ಕಾಣುತ್ತೆ ಅಂದರೆ, ಬೇಕಿಲ್ಲದ ಕಡೆಯೂ ‘ಉತ್ತಮ’ ಅಂತ ಬರೆದಿದ್ದೇನೆ. ತೊಡಕು ಒಂದೇ: ಕಪ್ಪು ಪೆನ್ನಿನಲ್ಲಿ ಬರೆದ ಮಕ್ಕಳ ಪುಟದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನಾನು ಹಾಕಿದ ಗುರುತನ್ನು ನಾನೇ ಹುಡುಕಬೇಕು. ನೀಲಿಯಲ್ಲಿ ಬರೆದಿದ್ದರೆ ಆ ತೊಂದರೆ ಇಲ್ಲ.

ರೂಜ್ ಹೆಮಟೈಟ್ ಬೇರೆಯೇ ಜಾತಿ. 1670ರಲ್ಲಿ ಶುರುವಾದ ಕಂಪನಿ 340 ವರ್ಷ ತುಂಬಿದ ನೆನಪಿಗೆ 2010ರಲ್ಲಿ ಹೊರತಂದ ಇಂಕು. ಬಂಗಾರದ ಪುಡಿಯಂಥದ್ದು ತಳದಲ್ಲಿ ಕೂತಿರುತ್ತೆ, ಔಷಧದ ಬಾಟಲಿಯ ಹಾಗೆ ಅಲ್ಲಾಡಿಸಿಯೇ ತುಂಬಬೇಕು. ನುಣುಪು ಕಾಗದದ ಮೇಲೆ ಕೆಂಪಿನ ಅಂಚಿನಲ್ಲಿ ಹಸಿರು ಮಿನುಗು, ತಿರುಗಿಸಿದ ಕಡೆಗೊಂದು ಬಣ್ಣ ತೋರುವ ರೇಷ್ಮೆ ಸೀರೆಯ ಹಾಗೆ. “ಇದೇನ್ರೀ, ಕುಂಕುಮ ಕಲಸಿದ್ರಾ?” ಅಂತ ಮನೆಯವಳು ಬಂದು ನೋಡಿದಳು. ಶಾಲೆಯ ನೋಟ್‌ಬುಕ್ಕಿನಲ್ಲಿ ಮಾತ್ರ ಆ ಮಿನುಗೆಲ್ಲ ಕಾಗದದ ಹೊಟ್ಟೆಗೆ. ಉಳಿಯೋದು ಬರೀ ಕೆಂಪು. ಅದರ ದುಡ್ಡಿನಲ್ಲಿ ಇಡೀ ಕ್ಲಾಸಿಗೆ ಕ್ಯಾಮ್ಲಿನ್ ಹಂಚಬಹುದಿತ್ತು.

ಸಣ್ಣ ನಿಬ್ಬಿನಲ್ಲಿ ಮೂರೂ ಮರ್ಯಾದೆಯಿಂದ ನಡೆದುಕೊಂಡವು. ಕುತೂಹಲಕ್ಕೆ ದಪ್ಪ ನಿಬ್ಬು ಹಾಕಿದೆ, ಮೂರೂ ಹಿಂದಿನ ಪುಟಕ್ಕೆ ಇಳಿದವು. ಅದು ಕಾಗದದ ದೋಷ, ಇಂಕಿನದಲ್ಲ. ನೀರು ಚಿಮುಕಿಸಿದರೆ ಮೂರರಲ್ಲೂ ಅಕ್ಷರ ಕದಡುತ್ತೆ, ಟಿಫಿನ್ ಡಬ್ಬಿ ಸೋರುವ ಬ್ಯಾಗಿನ ಮಕ್ಕಳಿಗೆ ಯಾವುದೂ ಸಲ್ಲದು.

ಬಿಸಿಲಿಗೂ ಇಟ್ಟೆ. ಅರ್ಧ ಹಾಳೆಗೆ ರಟ್ಟು ಮುಚ್ಚಿ, ಮೇ ತಿಂಗಳಿಡೀ ಕಿಟಕಿಯಲ್ಲಿ. ಕೆಂಪಿಗೂ ಬಿಸಿಲಿಗೂ ಹಳೇ ಜಗಳ. ಚಿತ್ರಕಾರ ವಾನ್ ಗೋ ಬರೆದ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆ ಮೊದಲು ನೇರಳೆಯಾಗಿತ್ತು, ಕೆಂಪು ಮಾಸಿ ಈಗ ನೀಲಿ ಉಳಿದಿದೆ. ನನ್ನ ಹಾಳೆಯಲ್ಲಿ ದಾಸವಾಳ ಗುಲಾಬಿಗೆ ತಿರುಗಿತ್ತು. ಬ್ಯಾಡಗಿ ಕೊಂಚ ಕಂದಾಗಿತ್ತು, ಅಷ್ಟೇ. ಮುಚ್ಚಿದ ನೋಟ್‌ಬುಕ್ಕಿಗೆ ಬಿಸಿಲು ತಾಗುವುದು ಎಷ್ಟು ಹೊತ್ತು ಅಂದುಕೊಂಡು ಇದಕ್ಕೆ ಹೆಚ್ಚು ಅಂಕ ಕೊಡಲಿಲ್ಲ.

ಗೆದ್ದದ್ದು ಆಕ್ಸ್‌ಬ್ಲಡ್. ತೀರ್ಪು ಕೊಟ್ಟದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಎಂದಿನಷ್ಟೇ ತಿದ್ದಿದ್ದ ಪುಟ ನೋಡಿ, “ಸರ್, ಈ ಸಲ ತಪ್ಪು ಕಮ್ಮಿ ಇದ್ದಂಗೆ ಕಾಣ್ಸುತ್ತೆ” ಅಂದಳು. ಎಣಿಸಿದೆ, ಹದಿನೇಳಿದ್ದವು. ಕ್ಯಾಮ್ಲಿನ್ ಈಗ ಕಪ್ಪು ಪೆನ್ನಿನವರ ನೋಟ್‌ಬುಕ್ಕಿಗೆ ಮೀಸಲು. ಹೆಮಟೈಟ್ ಬಾಟಲಿ ನನ್ನ ಮೇಜಿನ ಮೇಲಿಲ್ಲ. ಗೃಹಪ್ರವೇಶದ ಆಮಂತ್ರಣದ ಕವರುಗಳ ಮೇಲೆ ಹೆಸರು ಬರೀತೀನಿ ಅಂತ ಮನೆಯವಳು ಒಯ್ದಿದ್ದಾಳೆ, ಅಲ್ಲಾಡಿಸಿ ತುಂಬೋದನ್ನೂ ಕಲಿತಿದ್ದಾಳೆ.